ಗುಂಡು ತಲುಪುವಷ್ಟರಲ್ಲಿ

ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ, ಅಂಗೈಯಷ್ಟು ಉದ್ದದ ಒಂದು ದೂರಮಾಪಕ ಯಾವಾಗಲೂ ಬಿದ್ದಿರುತ್ತದೆ. ಕಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಎದುರಿನ ವಸ್ತು ಎಷ್ಟು ಗಜ ದೂರದಲ್ಲಿದೆಯೆಂದು ಅಂಕಿಯಲ್ಲಿ ತೋರಿಸುವ ಯಂತ್ರ ಅದು. ನಮ್ಮ ಅಡುಗೆಮನೆಯ ಕಿಟಕಿಯಿಂದ ಎದುರು ಮನೆಯ ಅಂಚೆಪೆಟ್ಟಿಗೆಗೆ ನಲವತ್ತೊಂದು ಗಜ. ಬ್ಯಾಲಂಟೈನ್ ಬಡಾವಣೆಯ ನಮ್ಮ ಬೀದಿ ತಿರುಗುವಲ್ಲಿರುವ ಮೇಪಲ್ ಮರಕ್ಕೆ ನೂರಾ ಹನ್ನೆರಡು. ಕುಕ್ಕರ್ ಕೂಗುವವರೆಗೆ ನಾನು ಹೀಗೆ ಊರನ್ನು ಅಳೆಯುತ್ತ ನಿಲ್ಲುವುದುಂಟು. ಗಜವೆಂದರೆ ಆನೆಯೆಂದೂ ಕಲಿತವಳಿಗೆ, ಇಷ್ಟು ಸಣ್ಣ ಡಬ್ಬಿಯೊಳಗೆ ಸಾವಿರ ಗಜಗಳು ಸದ್ದಿಲ್ಲದೆ ಮಲಗಿವೆ ಎಂಬುದು ಈಗಲೂ ಸಣ್ಣ ನಗು ತರಿಸುತ್ತದೆ.

ಆದರೆ ಇದು ನನ್ನ ಹವ್ಯಾಸವಲ್ಲ, ಉದ್ಯೋಗ. ಹುಬ್ಬಳ್ಳಿಯಲ್ಲಿ ಗಣಿತ ಓದಿದ ನಾನು ಇಲ್ಲಿ ಒಂದು ಪುಟ್ಟ ಕಂಪನಿಯಲ್ಲಿ, ಬಂದೂಕಿನ ಗುಂಡು ಇಷ್ಟು ದೂರ ಹೋಗುವಷ್ಟರಲ್ಲಿ ಎಷ್ಟು ಕೆಳಗಿಳಿಯುತ್ತದೆ, ಗಾಳಿ ಅದನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂದು ಹೇಳುವ ಆ್ಯಪ್ ಒಂದನ್ನು ಪರೀಕ್ಷಿಸುತ್ತೇನೆ. ಅದನ್ನು ಕೊಳ್ಳುವವರು ಹೆಚ್ಚಾಗಿ ಬೇಟೆಗಾರರು. ಮಾಂಸ ತಿನ್ನದ ಮನೆಯವಳಾದ ನೀನು ಈ ಕೆಲಸಕ್ಕೆ ಹೇಗೆ ಬಂದೆ ಎಂದು ಕೇಳಿದವರಿಗೆಲ್ಲ, ಸಮೀಕರಣಕ್ಕೆ ರಕ್ತವಿರುವುದಿಲ್ಲ ಎಂದು ಉತ್ತರಿಸುತ್ತಿದ್ದೆ. ಆ ಉತ್ತರ ಕೇಳಿದವರಿಗಿಂತ ಹೆಚ್ಚಾಗಿ ನನಗೇ ಹಿಡಿಸುತ್ತಿತ್ತು.

ಸುಧೀರ ನನ್ನ ಸಹೋದ್ಯೋಗಿ, ಮೈಸೂರಿನವರು. ಪೇಟೆಯ ಮಕ್ಕಳಲ್ಲಿ ಕೆಲವರಿಗೆ ತಡವಾಗಿ ಹುಟ್ಟುವ ಕಾಡಿನ ಮೋಹದಲ್ಲಿ ನಲವತ್ತರ ಅಂಚಿನಲ್ಲಿ ರೈಫಲ್ ಕೊಂಡು, ಪರವಾನಗಿ ಪಡೆದು, ದಕ್ಷಿಣ ಕೆರೊಲಿನಾದ ಒಬ್ಬ ರೈತರ ಜಮೀನಿನಲ್ಲಿ ಜಿಂಕೆ ಬೇಟೆ ಕಲಿಯುತ್ತಿದ್ದರು. ಆ ರೈತರ ಹೆಸರು ಅರ್ಲ್. ಎಪ್ಪತ್ತು ದಾಟಿದವರು, ಸೋಯಾ, ಕಡಲೆಕಾಯಿ ಬೆಳೆಯುವವರು, ಮಾತು ಕಡಿಮೆ. ತಮ್ಮ ನೆಲದಲ್ಲಿ ಬೇಟೆಯಾಡಲು ಅವರು ಹಾಕಿದ್ದ ನಿಯಮ ಒಂದೇ: ಬರಿಗಣ್ಣಿಗೆ ಪ್ರಾಣಿಯ ಕಿವಿ ಅಲ್ಲಾಡುವುದು ಕಾಣಬೇಕು, ಕಾಣದಿದ್ದರೆ ಗುಂಡು ಹಾರಿಸಬಾರದು.

ಕೆಲವು ವರ್ಷಗಳ ಹಿಂದಿನ ನವೆಂಬರ್. ಆ್ಯಪಿನ ಹೊಸ ಆವೃತ್ತಿಯನ್ನು ಬಯಲಿನಲ್ಲಿ ನೋಡಬೇಕೆಂದು ನಾನೂ ಸುಧೀರರ ಜೊತೆ ಹೊರಟೆ. ಬೆಳಕು ಹರಿಯುವ ಹೊತ್ತಿಗೆ ಕಟಾವಾದ ಸೋಯಾ ಹೊಲದ ಅಂಚಿನಲ್ಲಿ, ಬೇರೆ ಬೇಟೆಗಾರರಿಗೆ ಕಾಣಲೆಂದು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಇಬ್ಬರೂ ಮಲಗಿದ್ದೆವು. ಅಂದು ಭಾನುವಾರ, ಅರ್ಲ್ ಚರ್ಚಿಗೆ ಹೋಗಿದ್ದರು. ಎಂಟರ ಸುಮಾರಿಗೆ ಹೊಲದ ಆಚೆ ತುದಿಯಲ್ಲಿ, ಜೌಗು ಕಾಡಿನ ಬಾಯಲ್ಲಿ, ಕವಲುಗೊಂಬಿನ ಒಂದು ಗಂಡು ಜಿಂಕೆ ಹೊರಬಂದು ನಿಂತಿತು. ಬರಿಗಣ್ಣಿಗೆ ಅದೊಂದು ಕಂದು ಚುಕ್ಕೆ. ದೂರ ಅಳೆದೆ, ನಾನೂರ ಎಂಬತ್ತು ಗಜ.

"ಶೈಲಾ, ನಂಬರ್ ಕೊಡಿ," ಎಂದರು ಸುಧೀರ ಪಿಸುದನಿಯಲ್ಲಿ.

"ಭಾಳ ದೂರ ಅದ ರೀ. ಅರ್ಲ್ ಏನ್ ಹೇಳ್ಯಾರ ನೆನಪದ ಅಲ್ಲ?"

"ಶೂಟಿಂಗ್ ರೇಂಜಲ್ಲಿ ಐನೂರು ಗಜಕ್ಕೆ ದಿನಾ ಹಿಟ್ ಮಾಡ್ತೀನಲ್ಲ. ರೈಫಲ್ ಸ್ಕೋಪಲ್ಲಿ ಕಿವಿ ಕ್ಲಿಯರ್ ಆಗಿ ಕಾಣಿಸ್ತಿದೆ."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತಗಡಿನ ಗುರಿಗೆ ಅವರ ಗುಂಡು ತಪ್ಪಿದ್ದನ್ನು ನಾನು ಕಂಡಿದ್ದೇ ಕಡಿಮೆ. ಇನ್ನು ನನ್ನ ಮನಸ್ಸಿನೊಳಗೆ ಏನಿತ್ತೆಂದು ಮರೆಮಾಚದೆ ಹೇಳುವುದಾದರೆ, ತಿಂಗಳುಗಟ್ಟಲೆ ತಿದ್ದಿದ ಲೆಕ್ಕ ನಿಜವಾಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೂ ಇತ್ತು. ಹುಲ್ಲಿನ ತುದಿ ನೋಡಿದೆ, ಆ್ಯಪಿನ ಪರದೆಯ ಅಂಕಿ ಓದಿ ಹೇಳಿದೆ. ಆಮೇಲೆ, ಯಾರೂ ಕೇಳದಿದ್ದರೂ, "ಗಾಳಿ ನಿಂತದ, ಹೊಡೀರಿ," ಎಂದೆ.

ಲೆಕ್ಕ ಸರಿಯಾಗಿತ್ತು. ಇದನ್ನು ನಾನು ಆಮೇಲೆ ಹತ್ತಾರು ಸಲ ಪರಿಶೀಲಿಸಿದ್ದೇನೆ. ಗುಂಡು ತಾನು ಹೋಗಬೇಕಾದ ಜಾಗಕ್ಕೇ ಹೋಯಿತು, ಅದಕ್ಕೆ ಹಿಡಿದದ್ದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಕಾಲ. ಆ ತುಸುವಿನಲ್ಲಿ ಜಿಂಕೆ ಒಂದು ಹೆಜ್ಜೆ ಮುಂದಿಟ್ಟಿತು. ಏನನ್ನೋ ಮೂಸಲೋ, ಸುಮ್ಮನೆಯೋ, ನಾವು ಬಾಗಿಲಿನಿಂದ ಅಡುಗೆಮನೆಗೆ ಇಡುವಂಥ, ಯಾವ ಕಾರಣವೂ ಬೇಕಿಲ್ಲದ ಒಂದು ಹೆಜ್ಜೆ. ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಯಿತು. ಜಿಂಕೆ ಬೆನ್ನು ಬಾಗಿಸಿ, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಒಂದು ವಿಚಿತ್ರ ಗತಿಯಲ್ಲಿ ಕಾಡಿನೊಳಕ್ಕೆ ಹೋಗಿಬಿಟ್ಟಿತು.

ಸುಧೀರ ರೈಫಲಿನಿಂದ ಮುಖ ಎತ್ತಿ, "ಅರ್ಲ್‌ಗೆ ಹೇಳೋದು ಬೇಡ. ನಾವೇ ಹುಡುಕೋಣ," ಎಂದರು.

"ಆ ಜೌಗಿನೊಳಗ ನಮಗ ಸಿಗಂಗಿಲ್ಲ. ಅದು ಎರಡು ದಿನ ಒದ್ದಾಡ್ತದ. ಫೋನ್ ಮಾಡ್ರಿ."

"ಇನ್ನೊಂದ್ಸಲ ಇಲ್ಲಿಗೆ ಕಾಲಿಡೋಕೆ ಬಿಡಲ್ಲ ಅವರು."

"ಬಿಡದಿದ್ರ ಬ್ಯಾಡ."

ಅವರು ಫೋನ್ ಮಾಡಿದರು. ಅದು ಸುಲಭದ ಕೆಲಸವಾಗಿರಲಿಲ್ಲ. ಆ ಬೆಳಗಿನಲ್ಲಿ ನಾವು ಮಾಡಿದ ಒಂದೇ ಸರಿಯಾದ ಕೆಲಸ ಅದೆಂದು ಇಂದಿಗೂ ನನಗನ್ನಿಸುತ್ತದೆ.

ಅರ್ಲ್ ಚರ್ಚಿನ ಉಡುಪಿನಲ್ಲೇ ಬಂದರು. ಬೈಯಲಿಲ್ಲ. ಹೊಟ್ಟೆಗೆ ಪೆಟ್ಟು ತಿಂದ ಪ್ರಾಣಿಯನ್ನು ತಕ್ಷಣ ಬೆನ್ನಟ್ಟಿದರೆ ಅದು ಇನ್ನಷ್ಟು ದೂರ ಹೋಗಿ ಸಾಯುತ್ತದೆಂದೂ, ಮಧ್ಯಾಹ್ನದವರೆಗೆ ಕಾಯಬೇಕೆಂದೂ ಹೇಳಿ, ಟ್ರಕ್ಕಿನ ಹಿಂಬದಿಯಲ್ಲಿ ಕೂತು ನಮಗೂ ಕಾಫಿ ಕೊಟ್ಟರು. ಕಾಯುವುದೆಂದರೇನೆಂದು ನನಗೆ ತಿಳಿದಿದೆ ಎಂದುಕೊಂಡಿದ್ದೆ. ಒಂದು ಜೀವ ಎಲ್ಲೋ ಮರೆಯಲ್ಲಿ ನೋಯುತ್ತಿದೆಯೆಂದೂ, ಅದರ ನೋವು ಬೇಗ ಮುಗಿಯಲೆಂದೇ ನಾವು ಕೈಕಟ್ಟಿ ಕೂತಿದ್ದೇವೆಂದೂ ತಿಳಿದು ಕಾಯುವುದು ಬೇರೆಯೇ ಜಾತಿಯ ಕಾಯುವಿಕೆ.

ಆ ಗಂಟೆಗಳಲ್ಲಿ ನನಗೆ ಕನ್ನಡದ ಅಕ್ಷರಗಳೇ ತಲೆಯಲ್ಲಿ ಸುತ್ತುತ್ತಿದ್ದವು. ದೂರ ಎಂಬ ಮಾತಿನ ಕೊನೆಗೆ ಒಂದು ಕೊಂಬು ಕೊಟ್ಟರೆ ದೂರು ಆಗುತ್ತದೆ. ಆ ದೂರಕ್ಕೆ ಅಂದು ಬೆಳಿಗ್ಗೆ ಕೊಂಬು ಬಂದಿತ್ತು, ಕವಲೊಡೆದ ನಿಜವಾದ ಕೊಂಬು. ಆದರೆ ದೂರು ಕೊಡಲು ಅದಕ್ಕೆ ಬಾಯಿರಲಿಲ್ಲ. ದೂರದಿಂದ ಹೊಡೆಯುವವನು ಕ್ರೂರಿಯೇ ಆಗಬೇಕಾಗಿಲ್ಲ ನೋಡಿ. ಸುಧೀರರಂಥ ಮೃದು ಮನುಷ್ಯರು ಕಡಿಮೆ. ಹತ್ತಿರ ಹೋಗುವ ಬೇಟೆಗಾರನನ್ನು ಜಿಂಕೆ ಕಾಣಬಹುದು, ಕೇಳಬಹುದು, ಮೂಸಿ ತಿಳಿಯಬಹುದು. ಅಲ್ಲಿ ಅದಕ್ಕೂ ಒಂದು ಪಾಲು ಇರುತ್ತದೆ. ನಾನೂರ ಎಂಬತ್ತು ಗಜದಲ್ಲಿ ಅದರ ಪಾಲಿಗೆ ಉಳಿಯುವುದು ಅರಿವಿಲ್ಲದೆ ಇಡುವ ಹೆಜ್ಜೆಯೊಂದೇ, ಆ ಹೆಜ್ಜೆಯೂ ಅದನ್ನು ಉಳಿಸುವುದಿಲ್ಲ, ಸಾವನ್ನು ನಿಧಾನಗೊಳಿಸುತ್ತದೆ ಅಷ್ಟೆ. ಹಾಗೆಂದು ಹತ್ತಿರದ ಬೇಟೆಯೆಲ್ಲ ಧರ್ಮ, ದೂರದ್ದೆಲ್ಲ ಅಧರ್ಮ ಎಂದು ಗೆರೆ ಎಳೆಯಲಾರೆ. ಇಪ್ಪತ್ತು ಗಜದಲ್ಲೂ ಕೈ ನಡುಗುತ್ತದೆ. ಆದರೆ ನಡುಗುವ ಕೈ ನಮ್ಮದು, ಅದನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಆಚೆ ತುದಿಯ ಹೆಜ್ಜೆಯನ್ನು ಯಾವ ಅಭ್ಯಾಸ ತಿದ್ದೀತು?

ಮಧ್ಯಾಹ್ನ ಎರಡರ ಹೊತ್ತಿಗೆ ಅರ್ಲ್ ತಮ್ಮ ಮುದಿ ನಾಯಿಯನ್ನು ಹಗ್ಗಕ್ಕೆ ಕಟ್ಟಿ ಮುಂದೆ ಬಿಟ್ಟರು. ಮೊಣಕಾಲುದ್ದದ ಕಪ್ಪು ನೀರಿನಲ್ಲಿ, ಮುಳ್ಳುಬಳ್ಳಿಗಳ ನಡುವೆ, ನಾಯಿ ಮೂಸಿದತ್ತ ನಡೆದೆವು. ಒಂದು ಎಲೆಯ ಮೇಲೆ ರಕ್ತ, ಆಮೇಲೆ ಬಹಳ ದೂರ ಏನೂ ಇಲ್ಲ, ಆಮೇಲೆ ಇನ್ನೊಂದು ಎಲೆ. ಎರಡು ಗಂಟೆ ಕಳೆದ ಮೇಲೆ ನಾಯಿ ನಿಂತಿತು. ಬಿದ್ದ ಸೈಪ್ರೆಸ್ ಮರದ ಹಿಂದೆ ಜಿಂಕೆ ಮಲಗಿತ್ತು, ತಲೆ ಎತ್ತಿಕೊಂಡಿತ್ತು.

ಅರ್ಲ್ ನಾಯಿಯನ್ನು ಹಿಂದಕ್ಕೆಳೆದು ಸುಧೀರರತ್ತ ತಿರುಗಿದರು. "ಕೆಲಸ ನಿನ್ನದು, ಹೋಗು," ಎಂದರು. ಆಮೇಲೆ, "ದೂರದ ಅಂಕಿ ಹೇಳಿದವರು ಯಾರು?" ಎಂದು ಕೇಳಿದರು.

"ನಾನು," ಎಂದೆ.

"ಹಾಗಾದರೆ ನೀವೂ ಹೋಗಿ."

ಹೋದೆ. ಹತ್ತು ಹೆಜ್ಜೆಯಷ್ಟು ಹತ್ತಿರ. ಅದರ ಕಿವಿ ನಮ್ಮತ್ತ ತಿರುಗಿತು, ಮತ್ತೆ ಹಿಂದಕ್ಕೆ ಹೋಯಿತು, ಮತ್ತೆ ತಿರುಗಿತು. ರೆಪ್ಪೆಗಳು ಉದ್ದವಾಗಿದ್ದವು. ಮೂಗಿನ ಹೊಳ್ಳೆ ವೇಗವಾಗಿ ಆಡುತ್ತಿತ್ತು. ಅದು ನಮ್ಮನ್ನು ನೋಡಿದ್ದು ಅದೇ ಮೊದಲು. ಬೆಳಗಿನಿಂದ ಅದನ್ನು ಕೊಲ್ಲುತ್ತಿದ್ದವರು ನಾವೇ ಎಂದು ಅದಕ್ಕೆ ತಿಳಿಯುವ ದಾರಿಯೇ ಇರಲಿಲ್ಲ.

"ಕೈ ನಿಲ್ತಾ ಇಲ್ಲ," ಎಂದರು ಸುಧೀರ.

"ನಾ ಇಲ್ಲೇ ಇದ್ದೀನಿ. ನಿಧಾನಕ್ಕ ಉಸಿರು ಬಿಡ್ರಿ."

ಅವರು ಮಂಡಿಯೂರಿ, ಉಸಿರು ಬಿಟ್ಟು, ಮುಗಿಸಿದರು. ಆ ಸಲ ಗುಂಡಿಗೂ ಸಾವಿಗೂ ನಡುವೆ ಏನೂ ಇರಲಿಲ್ಲ.

ಜಿಂಕೆಯನ್ನು ಜೌಗಿನಿಂದ ಎಳೆದು ತರುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಹೊಟ್ಟೆಯ ಗಾಯದಿಂದ ಮಾಂಸದ ಬಹುಪಾಲು ಕೆಟ್ಟಿತ್ತು. ಉಳಿದದ್ದನ್ನು ಅರ್ಲ್ ತಾಳ್ಮೆಯಿಂದ ಬಿಡಿಸಿ ಸುಧೀರರಿಗೆ ಕೊಟ್ಟು, ಈ ವರ್ಷ ಮತ್ತೆ ಬರಬೇಡ ಎಂದರು. "ಈ ವರ್ಷ" ಎಂಬ ಮಾತನ್ನು ಸುಧೀರ ದಾರಿಯುದ್ದಕ್ಕೂ ಹಿಡಿದುಕೊಂಡಿದ್ದರು. ಮರುವರ್ಷ ಪತ್ರ ಬರೆದು ಕೇಳಿ ಹೋದರು. ಅಂದಿನಿಂದ ಅವರಿಗೆ ಒಂದೇ ಜಿಂಕೆ ಸಿಕ್ಕಿದೆ, ಐವತ್ತೈದು ಗಜದಲ್ಲಿ. ಉಳಿದ ದಿನಗಳೆಲ್ಲ ಬರಿಗೈಯಲ್ಲಿ ಮರಳುತ್ತಾರೆ. ಬೇಸರಪಟ್ಟಿದ್ದನ್ನು ನಾನು ಕಂಡಿಲ್ಲ.

ನಾನು ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಈ ಕಥೆ ಇನ್ನಷ್ಟು ಚೆನ್ನಾಗಿರುತ್ತಿತ್ತೇನೋ. ಮುಂದಿನ ಆವೃತ್ತಿ ಹೊರಡುವ ಮುನ್ನ, ಆ್ಯಪಿನ ಮಿತಿಗಳನ್ನು ಪಟ್ಟಿಮಾಡುವ ಪುಟದಲ್ಲಿ ಒಂದು ಸಾಲು ಸೇರಿಸಿದೆ: ಗುಂಡು ತಲುಪುವಷ್ಟರಲ್ಲಿ ಪ್ರಾಣಿ ಹೆಜ್ಜೆ ಇಟ್ಟರೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಮ್ಯಾನೇಜರ್ ಕರೆದು, ಇದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ, ಬರೆಯಬೇಕೇ ಎಂದರು. ಗೊತ್ತಿದ್ದೂ ಅಂಕಿ ಓದಿ ಹೇಳಿದವಳು ನಾನು ಎಂದೆ. ಸಣ್ಣ ಅಕ್ಷರದಲ್ಲಿ ಇರಲಿ ಬಿಡಿ ಎಂದರು.

ಆ ಸಾಲನ್ನು ಯಾರೂ ಓದುವುದಿಲ್ಲವೆಂದುಕೊಂಡಿದ್ದೆ. ಕಳೆದ ತಿಂಗಳು ಅಟ್ಲಾಂಟಾ ಕಡೆಯ ಗ್ರಾಹಕರೊಬ್ಬರಿಂದ ಇಮೇಲ್ ಬಂತು. ಬಹಳ ಸೌಜನ್ಯದಿಂದ ಬರೆದಿದ್ದರು: ಹೆಜ್ಜೆಯ ಈ ತೊಂದರೆ ಯಾವ ಆವೃತ್ತಿಯಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ನಾನು ಏನು ಮಾಡಬೇಕು?

ಇಂಥ ಪ್ರಶ್ನೆಗಳಿಗೆ ಕಳಿಸಲು ನಮ್ಮಲ್ಲಿ ಸಿದ್ಧ ಉತ್ತರಗಳಿವೆ. ಅವುಗಳಲ್ಲಿ ಯಾವುದೂ ಹೊಂದಲಿಲ್ಲ. ನಾನೇ ಎರಡು ಪದ ಬರೆದು ಕಳಿಸಿದೆ.

ಹತ್ತಿರ ಹೋಗಿ.