ಪುಟ್ಟಮಾದಪ್ಪನ ಹೆಸರಿದ್ದ ಮೆಡಲು

ಚಲುವಯ್ಯ ನಂಜನಗೂಡು-ಟಿ. ನರಸೀಪುರ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವನು. ಒಂದಿನ ಯಾರೋ ಅಜ್ಜ ನಾಲ್ಕಾಣೆ ಅಂದ್ಕೊಂಡು ಗಾಂಧಿ ಮುಖದ ಮೆಡಲು ಕೈಗಿಟ್ಟು ಇಳಿದುಹೋಗಿದ್ದ. ಚಲುವಯ್ಯ ಆ ನಾಲ್ಕಾಣೆ ತನ್ನ ಜೇಬಿಂದ ಹಾಕಿದ, ಮೆಡಲು ಇಟ್ಟುಕೊಂಡ. ಅಲ್ಲಿಂದ ಹತ್ತಿತು ನೋಡಿ ಹುಚ್ಚು! ನೇತಾಜಿ, ನೆಹರು, ಅಂಬೇಡ್ಕರ್ ಯಾರದೇ ಇರಲಿ, ಗುಜರಿ ಅಂಗಡಿಯಲ್ಲಿ ಮೆಡಲು ಇದೆ ಅಂದರೆ ಓಡುತ್ತಿದ್ದ. ಹೆಂಡತಿ ಪಾಪಮ್ಮ "ಈ ಬಿಲ್ಲೆಗಳ್ನೇ ಬೇಯ್ಸಿ ಇಕ್ಕನಾ?" ಅಂತ ಮೂದಲಿಸಿದರೂ ಬಿಡಲಿಲ್ಲ. ಹುಣಸೆಹಣ್ಣು ಹಿಡಿದು ಉಜ್ಜಲು ಬಂದರೆ ಮಾತ್ರ, "ಮುಟ್ಬ್ಯಾಡ, ಕಪ್ಪಿದ್ರೆ ತಾನೆ ಅದ್ಕೆ ವಯಸ್ಸು!" ಅಂತ ಗದರುತ್ತಿದ್ದ. ಅಂಥವನೇ ಎಡವಿದ, ಕೇಳಿ.

ಸ್ವಾತಂತ್ರ್ಯದ ಎಪ್ಪತ್ತೈದನೇ ವರ್ಷಕ್ಕೆ ನಂಜನಗೂಡಿನ ಕಲ್ಯಾಣಮಂಟಪವೊಂದರಲ್ಲಿ ಅವನ ಮೆಡಲುಗಳನ್ನು ಜನರಿಗೆ ತೋರಿಸುವುದು ಅಂತಾಯಿತು. ಸುದ್ದಿ ಕೇಳಿ ತಗಡೂರಿನ ವಿಶಾಲಮ್ಮ ಹೇಳಿಕಳಿಸಿದಳು. ಎಂಬತ್ತಾರರ ಮುದುಕಿ, ಕಣ್ಣು ಪೂರ್ತಿ ಹೋಗಿತ್ತು. ಗಂಡ ಪುಟ್ಟಮಾದಪ್ಪ ಮೀಸೆ ಮೂಡುವ ಮುಂಚೆಯೇ ಚಳವಳಿಗೆ ಸೇರಿ ಜೈಲು ಕಂಡವನಂತೆ. ಯಾವ ದಫ್ತರದಲ್ಲೂ ಹೆಸರಿಲ್ಲ, ಪಿಂಚಣಿ ಮೊದಲೇ ಇಲ್ಲ. ಯಾವುದೋ ಸಭೆಯಲ್ಲಿ ಕೊಟ್ಟ ಗಾಂಧಿ ಮೆಡಲಿನ ಹಿಂದೆ ಅವನೇ ದಬ್ಬಳದಲ್ಲಿ ತನ್ನ ಹೆಸರು ಗೀಚಿಕೊಂಡಿದ್ದ. ಮುದುಕಿ ದಿನಾ ಅದರ ಮೇಲೆ ಹೆಬ್ಬೆರಳಾಡಿಸುತ್ತಿದ್ದಳು.

"ಇದೊಂದ್ರಲ್ಲೇ ಕಣಪ್ಪ ಅವ್ರ ಎಸ್ರಿರದು. ನಾಕ್ ಜನ ಓದ್ಲಿ. ಆಮ್ಯಾಕೆ ನಂಗೇ ತಂದ್ಕೊಡು," ಅಂತ, ಮನೆಗೆ ಬಂದ ಚಲುವಯ್ಯನ ಕೈಗೆ ಅದನ್ನಿಟ್ಟಳು.

ಪ್ರದರ್ಶನದ ಹಿಂದಿನ ದಿನ, ಏರ್ಪಾಟು ನೋಡುತ್ತಿದ್ದ ರವಿಚಂದ್ರ ಮೂಗು ಮುರಿದ. "ಏನ್ ಚಲುವಯ್ಯನೋರೇ, ಎಲ್ಲಾ ಮಸಿ ಹಿಡಿದಂಗವೆ. ದೊಡ್ಡೋರು ಬತ್ತಾವ್ರೆ, ಫೋಟೋ ತೆಗೀತಾರೆ."

ಫೋಟೋ ಅಂದದ್ದೇ ತಡ, ಚಲುವಯ್ಯ ಉಬ್ಬಿಹೋದ. ಹೊಗಳಿಕೆ ಯಾರಿಗೆ ಬೇಡ ಹೇಳಿ! ಮುಂದಿನ ಸಾಲಿಗೆ ಹತ್ತು ಮೆಡಲು ಆರಿಸಿ, ವಿಶಾಲಮ್ಮನದನ್ನೂ ಸೇರಿಸಿ, ದೇವರ ದೀಪಗಳಿಗೆ ಪಾಲಿಶ್ ಹಾಕುವ ಅಂಗಡಿಗೆ ಕೊಟ್ಟ. ಮಿಷಿನ್ನಿನ ಚಕ್ರಕ್ಕೆ ಗಾಂಧಿಯ ಮುಖ ಫಳಫಳ ಹೊಳೆಯಿತು. ವಿಶಾಲಮ್ಮನದನ್ನು ತಿರುಗಿಸಿ ನೋಡಿದರೆ ಹಿಂಭಾಗ ಬೋಳು. ಅಯ್ಯೋ, ಎಂಥಾ ಕೆಲಸ ಮಾಡಿಬಿಟ್ಟೆ ಅಂತ ಹಣೆ ಚಚ್ಚಿಕೊಂಡ.

ಮರುದಿನ ಮೊಮ್ಮಗಳು ಮಧುಶ್ರೀಯ ಕೈ ಹಿಡಿದು ವಿಶಾಲಮ್ಮ ಬಂದೇಬಿಟ್ಟಳು. ಮೆಡಲನ್ನು ಕೇಳಿ ಕೈಗೆ ತಗೊಂಡಳು. ಹೆಬ್ಬೆರಳು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ಇದು ನಮ್ಮೋರ್ದಲ್ಲ."

"ನಿಮ್ದೇ ಕಣವ್ವ. ಪಾಲಿಶ್‌ಗೆ ಕೊಟ್ಟಿದ್ದೆ, ಎಸ್ರು ಅಳಿಸೋಯ್ತು. ತಪ್ಪಾಯ್ತು," ಅಂತ ಚಲುವಯ್ಯ ಅವಳ ಕಾಲು ಹಿಡಿದ.

"ಬಸ್ಸಲ್ಲಿ ಒಂದ್ ಕಾಸು ಎಚ್ಗೆ ಇಸ್ಕೊಂಡೋನಲ್ಲ ಅಂತ ನಂಬಿದ್ನಲ್ಲಪ್ಪ. ಯಾರಿಗ್ ಮಾರ್ಕೊಂಡೆ?"

ನಂಜುಂಡೇಶ್ವರನಾಣೆ ಅಂದ. ಅವಳು ನಂಬಲಿಲ್ಲ. ಮೆಡಲನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಆಮೇಲೆ ಮೂರು ಸಲ ತಗಡೂರಿಗೆ ಹೋದ. ಮೂರು ಸಲವೂ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಕಾರ್ತಿಕದಲ್ಲಿ ಮುದುಕಿ ತೀರಿಕೊಂಡಳು. ಮಣ್ಣಿಗೆ ಹೋದ ಚಲುವಯ್ಯ, ಅವಳ ಕೈಯಲ್ಲಾದರೂ ಇಡೋಣ ಅಂತ ಗುಂಡಿಯ ಪಕ್ಕ ನಿಂತು ಮೆಡಲು ತೆಗೆದ. ಮಧುಶ್ರೀ ಅಡ್ಡ ಬಂದಳು.

"ಬೇಡ ಸಾ. ಬೇರೆಯೋರ ವಸ್ತು ನನ್ ಜೊತೆ ಇಡ್ಬ್ಯಾಡಿ ಅಂತ ಅಜ್ಜಿ ಹೇಳೋಗವ್ರೆ."