ಸೀತವ್ವ ನೀರೆರೆದ ಕೂಸು

ದೇವಣಗಾಂವದಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಸೀತವ್ವನಿಗೆ ಹೇಳಿಕಳಿಸುತ್ತಿದ್ದರು. ಕಾಲು ಚಾಚಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು ಅವಳು ಬಿಸಿನೀರು ಎರೆಯತೊಡಗಿದರೆ ಎಂಥ ರಚ್ಚೆ ಹಿಡಿದ ಕೂಸೂ ಗಪ್ಪಾಗುತ್ತಿತ್ತು. ಊರ ಮಕ್ಕಳಿಗೆಲ್ಲ ಎರೆದ ಆ ಕೈ ತನ್ನ ಹೊಟ್ಟೆಯ ಕೂಸಿಗೆ ಮಾತ್ರ ಒಂದು ತಂಬಿಗೆ ನೀರು ಹಾಕಲಿಲ್ಲ. ಎಂಥ ಹಣೆಬರಹ ಅದು! ಹೆಣ್ಣು ಕೂಸು, ಹುಟ್ಟಿದ ದಿನವೇ ಕಣ್ಣು ಮುಚ್ಚಿತು. ಹಸಿ ಬಾಣಂತಿ ನೋಡಬಾರದೆಂದು ಹಿರಿಯರು ತಡೆದರು. ಗಂಡ ಶಂಕ್ರೆಪ್ಪ ಅದನ್ನು ಪಂಜೆಯಲ್ಲಿ ಸುತ್ತಿಕೊಂಡು ಹೋಗಿ ಭೀಮೆಯ ದಂಡೆಗೆ ಎಲ್ಲೋ ಹೂತು ಬಂದ. ಎಲ್ಲಿ ಎಂದರೆ ಆ ಪುಣ್ಯಾತ್ಮ ಸಾಯುವ ತನಕ ಬಾಯಿ ಬಿಡಲಿಲ್ಲ.

೨೦೦೩ರ ಬೇಸಿಗೆಯಲ್ಲಿ ಊರಾಚೆಯ ದಿಬ್ಬ ಅಗೆಯಲು ಉತ್ಖನನದವರು ಬಂದಾಗ ಸೀತವ್ವ ಮಣ್ಣು ಹೊರಲು ಸೇರಿದಳು. ಒಂದು ದಿನ ಹಳೇ ಕಾಲದ ಮನೆಯೊಂದರ ನೆಲದಡಿ ಬಾಯಿಗೆ ಬಾಯಿ ಕೂಡಿಸಿಟ್ಟ ಎರಡು ಗಡಿಗೆ ಸಿಕ್ಕವು. ಒಳಗೆ ಕೂಸಿನ ಎಲುಬು. ಮೂರು ಸಾವಿರ ವರ್ಷದ್ದಿರಬೇಕು ಎಂದರು.

ಅಗೆತದ ಜೊತೆಗಿದ್ದ ಸಂಶೋಧಕಿ ಸಂಘಮಿತ್ರಾ ಓಡಿ ಬಂದಳು. ಸಿಂದಗಿಯ ಮಾಸ್ತರರ ಮಗಳು ಅವಳು. ಅಗೆಯುವವರ ಗುರುತು ಸಿಕ್ಕಿದ್ದಕ್ಕೆ ಬೆರೆತರೆ ಪತ್ತೆಯಾಗಲೆಂದು, ಮೊದಲೇ ಕೆಲಸಗಾರರೆಲ್ಲರ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಉಗುಳಿನ ಗುರುತು ತೆಗೆದಿಟ್ಟುಕೊಂಡಿದ್ದಳು.

"ಯಾರೂ ಮುಟ್ಟಬ್ಯಾಡ್ರಿ! ಎಲುಬಿನ್ಯಾಗ ಡಿಎನ್‌ಎ ಅಂತ ಇರತೈತಿ. ತಾಯಿ ಗುರುತು ಮಗಳಿಗೆ, ಮಗಳದು ಮೊಮ್ಮಗಳಿಗೆ, ಹಂಗ ಬರತೈತಿ. ಈ ಕೂಸಿನ ಹಡದವ್ವ ಯಾ ಕಡೆಯಾಕಿ, ಅಕಿ ಬಳ್ಳಿ ಇನ್ನೂ ಉಳದೈತೇನು, ತಿಳೀಬಹುದು. ಈ ತೊಡಿ ಎಲುಬೊಂದ ಗಟ್ಟಿ ಐತಿ, ಉಳಿದದ್ದೆಲ್ಲಾ ಪುಡಿ."

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಬೇವಿನ ನೆರಳಿಗೆ ಹೋದರು. ನಾಯಿ ಬಂದಾವೆಂದು ಸೀತವ್ವನನ್ನು ಕಾವಲು ಕೂರಿಸಿದರು. ಯಾರನ್ನು ಬಿಟ್ಟು ಯಾರನ್ನು ಕೂರಿಸಿದರು ನೋಡಿ!

ಮಣ್ಣು ಮೆತ್ತಿದ ಎಲುಬನ್ನು ನೋಡಿ ನೋಡಿ ಅವಳ ಕರುಳು ತಡೆಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಕುಡಿಯುವ ನೀರನ್ನೇ ಸಣ್ಣಗೆ ಎರೆದಳು. ಸೆರಗಿನಿಂದ ಒರೆಸಿ ಮುದ್ದಿಟ್ಟಳು. ಎಲ್ಲ ಕೂಸುಗಳಿಗೂ ಮಾಡುವಂತೆ, ದೃಷ್ಟಿ ತಾಗದಿರಲೆಂದು ಥೂ ಥೂ ಎಂದು ಉಗುಳಿದಳು. ಆಮೇಲೆ ಇದ್ದಲ್ಲೇ ಇಟ್ಟಳು. ಅಂದು ಎಷ್ಟೋ ವರ್ಷದ ಮೇಲೆ ಅವಳ ಎದೆ ಹಗುರಾಗಿತ್ತು.

ಮರುವರ್ಷ ಸಂಘಮಿತ್ರಾ ಆಲಮೇಲದ ಬಸ್ಸಿಳಿದು ನೇರ ಅವಳ ಮನೆಗೇ ಬಂದಳು.

"ಸೀತವ್ವಾ, ಆ ಎಲುಬು ಮುಟ್ಟಿದ್ದೇನಬೇ?"

"ನೀರು ಹಾಕಿದ್ನ್ರಿ ಅಕ್ಕಾರ. ಬರೇ ನೀರು."

"ಅದರಾಗ ನಿನ್ನ ಗುರುತು ಬಂದೈತಿ. ನೀನ ಅದರ ತಾಯಿ ಅನ್ನೋಹಂಗ."

ಸೀತವ್ವನ ಮುಖ ಅರಳಿತು. "ಹೌದೇನ್ರಿ! ನನ್ನ ಕೂಸ ಅಂತೈತೇನ್ರಿ ನಿಮ್ಮ ಮಿಷನ್ನು?"

"ಅಲ್ಲಬೇ!" ಎಂದಳು ಸಂಘಮಿತ್ರಾ. "ನಿನ್ನ ಉಗುಳಿನ್ಯಾಗಿಂದ ಬಂತದು. ಖರೇ ಹಡದಾಕಿ ಗುರುತು ಅದರಾಗ ಮುಳುಗಿ ಹೋತು. ಪರೀಕ್ಷಾಕ್ಕಂತ ಎಲುಬೆಲ್ಲಾ ಅರದು ಮುಗಸೇವಿ. ಇನ್ನ ಅಕಿ ಯಾರಂತ ಯಾರಿಗೂ ತಿಳಿಯಂಗಿಲ್ಲ."

ಸೀತವ್ವ ಹೊಸ್ತಿಲಲ್ಲೇ ಕೂತಳು. ಆ ಹಳೇ ಕಾಲದ ತಾಯಿ ಕೂಸನ್ನು ದೂರ ಕಳಿಸಲಾರದೆ ತನ್ನ ಮನೆಯ ನೆಲದೊಳಗೇ ಇಟ್ಟುಕೊಂಡಿದ್ದಳು. ಅಲ್ಲಿಯೂ ಬಿಡಲಿಲ್ಲವಲ್ಲ ನಾನು, ಎನಿಸಿತು.

"ನನಗ ನನ್ನ ಕೂಸು ತೋರಸಲಿಲ್ಲಂತ ಜನುಮೆಲ್ಲಾ ಅತ್ತೇನ್ರಿ," ಎಂದಳು. "ಕಡೀಕ ನಾನೂ ಒಬ್ಬಾಕಿ ಕೂಸು ಕಸಗೊಂಡೆ."

ಅಂದಿನಿಂದ ಯಾರ ಮನೆಗೆ ಕರೆದರೂ, ಹೆತ್ತವಳು ಎದ್ದು ಬಂದು ಮೊದಲ ತಂಬಿಗೆ ಹಾಕುವ ತನಕ ಸೀತವ್ವ ಕೂಸನ್ನು ಮುಟ್ಟುತ್ತಿರಲಿಲ್ಲ. ಹಸಿ ಬಾಣಂತಿ ಬಗ್ಗಬಾರದೆಂದು ಹಿರಿಯರು ಗದರಿದರು. ಅವಳು ಕೇಳಲಿಲ್ಲ. ಬರಬರುತ್ತ ಊರವರು ಅವಳನ್ನು ಕರೆಯುವುದನ್ನೇ ಬಿಟ್ಟರು.