ಡೋಲಿನ ಮೇಲೆ ಆಡಿದ ಮಾತು

ಹೊಸ ರೆಕಾರ್ಡಿಗೆ ಚಪ್ಪಲಿ ಅಂಗಡಿಯ ವಾಸನೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಳೆದ ಶುಕ್ರವಾರ ಮಗಳು ರೆನಿಟಾ ಇಲ್ಲಿ ಗಲ್ಫಿನಲ್ಲಿ, ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿಗೆ ಒಂದು ಚೌಕ ಪೊಟ್ಟಣ ತಂದು ನನ್ನ ಮೂಗಿನ ಕೆಳಗೇ ಬಿಚ್ಚಿದಳು. ಕವರಿನ ಮೇಲೆ ಡೋಲು ತಬ್ಬಿಕೊಂಡ ಒಬ್ಬ ಮನುಷ್ಯ. ಅವನ ಹೆಸರು ನೀವು ಕೇಳಿರಲಾರಿರಿ. ಆಫ್ರಿಕಾದಲ್ಲಿ ಹುಟ್ಟಿ, ಯುರೋಪಿನ ಯಾವುದೋ ಚಳಿಯೂರಿನಲ್ಲಿ ನುಡಿಸುತ್ತ ನುಡಿಸುತ್ತ ಮುದುಕನಾದವನು. ಅವನ ಹಳೆಯ ಸಂಗೀತವನ್ನು ಈಗ ಯಾರೋ ತೊಳೆದು ಒರೆಸಿ ಮತ್ತೆ ಹೊರತಂದಿದ್ದಾರೆ. ನನಗೆ ಮಾತ್ರ ಆ ಮುಖ ನೆಂಟರ ಮುಖದಷ್ಟು ಪರಿಚಿತ. ಅದೇ ಚಿತ್ರವಿರುವ ಖಾಲಿ ಕ್ಯಾಸೆಟ್ ಡಬ್ಬಿಯೊಂದು ನನ್ನ ಕಪಾಟಿನಲ್ಲಿ ಜಪಮಾಲೆಯ ಪಕ್ಕದಲ್ಲಿದೆ. ರೆನಿಟಾ ಅವನ ಹೆಸರು ಹುಡುಕಿದ್ದು ಆ ಡಬ್ಬಿ ನೋಡಿಯೇ.

ಆ ಕ್ಯಾಸೆಟ್ ಕಳಿಸಿದವನು ಅವಳ ಅಪ್ಪ ವಾಲ್ಟರ್. ಆಗ ಅವನು ಇಲ್ಲಿ ಸಬ್ಹಾನಿನ ಗೋದಾಮಿನಲ್ಲಿ, ನಾನು ಮಂಗಳೂರಿನಲ್ಲಿ. ಫೋನು ದುಬಾರಿ. ಕೆಲಸಗಾರರ ಕ್ಯಾಂಪಿನವರೆಲ್ಲ ಕ್ಯಾಸೆಟ್ಟಿಗೆ ಮಾತಾಡಿ, ರಜೆಗೆ ಹೊರಟವರ ಕೈಯಲ್ಲಿ ಮನೆಗೆ ಕಳಿಸುತ್ತಿದ್ದರು. ಒಂದು ಸಲ ಖಾಲಿ ಕ್ಯಾಸೆಟ್ ಸಿಗಲಿಲ್ಲವಂತೆ. ಹಾಡಿನ ಕ್ಯಾಸೆಟ್ಟಿನ ನೆತ್ತಿಯ ತೂತುಗಳಿಗೆ ಕಾಗದ ತುರುಕಿದರೆ ಅದರ ಮೇಲೂ ರೆಕಾರ್ಡ್ ಮಾಡಬಹುದು. ವಾಲ್ಟರ್ ಕೈಗೆ ಸಿಕ್ಕ ಡೋಲಿನವನ ಮೇಲೆಯೇ ಮಾತಾಡಿದ.

"ಹಲೋ, ಕೇಳ್ತದಾ ನಿಂಗೆ? ನಾನು ಬೊಬ್ಬೆ ಹೊಡೀತಾ ಇದ್ದೇನೆ. ಇಲ್ಲಿ ಇವರೆಲ್ಲ ನಗಾಡ್ತಾರೆ, ಇವ ಹೆಂಡ್ತಿ ಹತ್ರ ಮಾತಾಡುದಾ, ಮೀನು ಏಲಂ ಕೂಗುದಾ ಅಂತ."

ಹಿಂದಿನಿಂದ ಇನ್ನೊಬ್ಬನ ಗೊಣಗಾಟ: "ಯಲ್ಲಾ ಭಾಯಿ, ಖಲಾಸ್ ಮಾಡು. ನಮಗೂ ಹೆಂಡ್ತಿ ಉಂಟು."

ಹೀಗೆ ಬರೆಯುವಾಗಲೇ ನನಗೆ ಅನುಮಾನ. ನಮ್ಮ ಮನೆಮಾತು ಕೊಂಕಣಿ; ಅವನು ಮಾತಾಡಿದ್ದೂ ಕೊಂಕಣಿಯಲ್ಲೇ ಇರಬೇಕು. ಕಂಡವರಿಗೆಲ್ಲ ನಾನು ಹೇಳಿ ಹೇಳಿ, ಅವನು ನನ್ನೊಳಗೆ ಕನ್ನಡ ಕಲಿತುಬಿಟ್ಟಿದ್ದಾನೆ. ಬೊಬ್ಬೆ ನಿಜ. ಮೀನಿನ ಏಲಂ ನಾನು ಆಮೇಲೆ ಸೇರಿಸಿದ್ದೋ ಏನೋ. ಕೊನೆಯದು ಮಾತ್ರ ಖಂಡಿತ: "ಮತ್ತೆಂತ ಇಲ್ಲ. ಇನ್ನು ನೀನೇ ಹೇಳು." ಆಮೇಲೊಂದು ಟಕ್. ಕೂಡಲೇ, ಎಲ್ಲಿಂದಲೋ ಸಿಡಿದು ಬಂದ ಹಾಗೆ, ಡೋಲು.

ನನ್ನ ಮಟ್ಟಿಗೆ ಆ ಡೋಲಿಗೆ ಆರಂಭವೇ ಇರಲಿಲ್ಲ. ಅದು ವಾಲ್ಟರ್ ಮುಗಿದಲ್ಲಿ ಶುರುವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ನಾನೂ ಕೆಲಸ ಹುಡುಕಿಕೊಂಡು ಈ ಊರಿಗೇ ಬಂದೆ. ರಿಗ್ಗೈಯ ಬಾಡಿಗೆ ಕೋಣೆಯಲ್ಲಿ ಹಾಕಿ ಹಾಕಿ ಕೇಳಿದೆ. ಒಂದು ದಿನ ಟೇಪು ಪ್ಲೇಯರಿನೊಳಗೆ ಸುತ್ತಿಕೊಂಡು ತುಂಡು ತುಂಡಾಯಿತು. ರೆನಿಟಾಳಿಗೆ ಅಪ್ಪನ ಧ್ವನಿ ನೆನಪಿಲ್ಲ. ನನಗೆ ನೆನಪಿರುವುದನ್ನು ನಾನೇ ನಂಬುವುದಿಲ್ಲ.

ರೆನಿಟಾ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದಳು. ನನ್ನ ಹುಚ್ಚು ನೋಡಿ, ನಾನು ಬೊಬ್ಬೆಗೆ ಕಾದೆ. ಬಂದದ್ದು ಬೆರಳ ತುದಿಯ ಮೆಲುತಟ್ಟು, ಬಾಗಿಲ ಹೊರಗೆ ನಿಂತವರು ಕರೆಯಲೋ ಬೇಡವೋ ಎಂದು ಯೋಚಿಸುವ ಹಾಗೆ. ವಾಲ್ಟರನ ಮಾತು ಮುಚ್ಚಿಹಾಕಿದ್ದ ಸಂಗೀತ ಇದು. ಎಷ್ಟು ಚೆನ್ನಾಗಿತ್ತು! ಅಷ್ಟು ಚೆನ್ನಾಗಿದ್ದದ್ದನ್ನೇ ನನಗೆ ತಡೆಯಲಾಗಲಿಲ್ಲ. ಎಲ್ಲಿಯೂ ಒಂದು ಕೆಮ್ಮಿಲ್ಲ, ನಗುವಿಲ್ಲ. ಕೊನೆಗೆ ನನಗೆ ಗೊತ್ತಿದ್ದ ಜಾಗ ಬಂತು. ಟಕ್ ಇಲ್ಲ. ತಟ್ಟು ತಾನಾಗಿಯೇ ಬೆಳೆದು ಸಿಡಿಯಿತು.

"ಈಸ್ ದಿಸ್ ದಿ ಒನ್, ಮಮ್ಮಿ?"

"ಹೌದು. ಮೊದಲಿಂದ ಹಾಕು."

ಮತ್ತೆ ಮೆಲುತಟ್ಟು. ನಾನು ಸ್ಪೀಕರಿನ ಹತ್ತಿರ ಬಾಗಿದೆ.

"ಕೇಳ್ತದೆ ಮಾರಾಯ, ಬೊಬ್ಬೆ ಹೊಡೀಬೇಡ," ಎಂದೆ. "ಮಗಳು ಇಲ್ಲೇ ಕೂತಿದ್ದಾಳೆ. ಮೂಗು ನಿಂದೇ."

ರೆನಿಟಾ ನಗಲಿಲ್ಲ, ಸ್ಪೀಕರಿನ ಸದ್ದು ಸ್ವಲ್ಪ ತಗ್ಗಿಸಿದಳು. ಡೋಲು ಸಿಡಿಯುವ ಮೊದಲು ಅವನಿಗೆ ಹೇಳಲಿಕ್ಕೆ ನನಗೆ ಇನ್ನೂ ಬಹಳ ಇತ್ತು.